ಪಾಲಿಹೌಸ್ ಶೀಟು: ನಿಮ್ಮ ಪ್ರಶ್ನೆ, ಪಾಲಿಮರ್ ಎಂಜಿನಿಯರ್ ಉತ್ತರ

ನಿರ್ವಾಹಕರು: ಪಾಲಿಹೌಸಿಗೆ, ಅಂದರೆ ಪ್ಲಾಸ್ಟಿಕ್ ಹೊದಿಸಿದ ಬೆಳೆಮನೆಗೆ, ಅತಿನೇರಳೆ (ಯುವಿ) ಕಿರಣ ತಡೆಯುವ, ಮತ್ತೆ ಕರಗಿಸಿ ಬಳಸಬಹುದಾದ ಶೀಟು ರೂಪಿಸುತ್ತಿರುವ ಎಂಜಿನಿಯರ್ ಮೇಡಂ ಇಂದು ನಮ್ಮ ಬೆಳೆಗಾರರ ಗುಂಪಿನಲ್ಲಿದ್ದಾರೆ. ಕೇಳಿ.

ಕೋಲಾರ, ಕ್ಯಾಪ್ಸಿಕಂ: ನಮಸ್ಕಾರ ಮೇಡಂ. ಯುವಿ ಶೀಟು ಎಂದೇ ಕೊಟ್ಟರು. ಬಿಳಿನೊಣ ಹಾಗೆಯೇ ಇದೆಯಲ್ಲ?

ಎಂಜಿನಿಯರ್: ನಮಸ್ಕಾರ. ಬಿಸಿಲಿಗೆ ತಾನು ಹಾಳಾಗದ ಶೀಟು ಬೇರೆ, ಕಿರಣವನ್ನು ಒಳಗೇ ಬಿಡದ ಶೀಟು ಬೇರೆ. ನಿಮ್ಮದು ಮೊದಲನೆಯದು. ಎರಡನೆಯದರಲ್ಲಿ, ದಾರಿ ಕಾಣಲು ಬೇಕಾದ ಆ ಕಿರಣ ಸಿಗದೆ, ಬಿಳಿನೊಣ ಕಡಿಮೆಯಾಗುತ್ತದೆ, ಪೂರ್ತಿ ಹೋಗುವುದಿಲ್ಲ. ಕೀಟದ ಪರದೆ ತೆಗೆಯಬೇಡಿ.

ಚಿಂತಾಮಣಿ: ನನ್ನದೂ ಇದೇ ಪ್ರಶ್ನೆ ಮೇಡಂ.

ಎಂಜಿನಿಯರ್: ಮೇಲಿದೆ.

ದೊಡ್ಡಬಳ್ಳಾಪುರ, ಗುಲಾಬಿ: 200 ಮೈಕ್ರಾನ್ ದಪ್ಪದ ಶೀಟು, ಮೂರು ವರ್ಷ ಬಾಳಿಕೆ ಎಂದಿದ್ದರು. 14 ತಿಂಗಳಿಗೇ ಚೌಕಟ್ಟಿನ ಪೈಪಿನ ಉದ್ದಕ್ಕೂ ಗೆರೆ ಎಳೆದಂತೆ ಹರಿದಿದೆ. ಮುಟ್ಟಿದರೆ ಹಪ್ಪಳದಂತೆ ಮುರಿಯುತ್ತದೆ.

ಎಂಜಿನಿಯರ್: ಬೂದಿರೋಗಕ್ಕೆ ಗಂಧಕದ ಹೊಗೆ ಹಾಕುತ್ತೀರಾ?

ದೊಡ್ಡಬಳ್ಳಾಪುರ: ಹೌದು, ವಾರಕ್ಕೆ ಮೂರು ರಾತ್ರಿ.

ಎಂಜಿನಿಯರ್: ಹಾಗಾದರೆ ಅದೇ ಇರಬೇಕು. ಬಿಸಿಲು ಶೀಟಿನ ಪಾಲಿಥೀನಿನ ಉದ್ದನೆಯ ಅಣು ಸರಪಳಿಯನ್ನು ಕಡಿಯುತ್ತದೆ. ಒಂದು ಕಡಿತ ಇನ್ನೊಂದಕ್ಕೆ ದಾರಿ ಮಾಡಿಕೊಡುತ್ತದೆ. ಅದನ್ನು ತಡೆಯಲು ಹಾಲ್ಸ್ (HALS) ಎಂಬ, ಅಮೈನ್ ಜಾತಿಯ ರಾಸಾಯನಿಕ ಬೆರೆಸಿರುತ್ತಾರೆ. ಅದು ಕ್ಷಾರ ಗುಣದ್ದು. ಗಂಧಕ ಹೊತ್ತಿದರೆ ಹೊಗೆ ತೇವದೊಡನೆ ಸೇರಿ ಆಮ್ಲವಾಗುತ್ತದೆ, ಆಮ್ಲ ಅಮೈನನ್ನು ಕಟ್ಟಿಹಾಕುತ್ತದೆ. ಕಾವಲುಗಾರ ಇದ್ದಾನೆ, ಆದರೆ ಕೈಕಾಲು ಆಡುವುದಿಲ್ಲ. ಮಧ್ಯಾಹ್ನ ಕಾದ ಪೈಪು ಉಳಿದ ಕೆಲಸ ಮುಗಿಸುತ್ತದೆ. ಗಂಧಕವನ್ನು ಹೊತ್ತಿಸದೆ ಆವಿಯಾಗಿಸುವುದಕ್ಕೆ ಬದಲಿಸಿ, ಅದನ್ನೂ ಮಿತವಾಗಿ. ಪೈಪಿಗೆ ಶೀಟು ತಾಗುವಲ್ಲಿ ಬಿಳಿ ಬಣ್ಣ ಬಳಿಯಿರಿ. ಹೊಸ ಶೀಟು ಕೊಳ್ಳುವಾಗ ಗಂಧಕ, ಕ್ಲೋರಿನ್ ಎಷ್ಟರವರೆಗೆ ತಾಳುತ್ತದೆ ಎಂದು ಬರವಣಿಗೆಯಲ್ಲಿ ಕೇಳಿ.

ಇಂಥ ಶೀಟೇ ನನ್ನ ತಲೆನೋವು ಕೂಡ. ಸರಪಳಿ ಕಡಿದ ಪಾಲಿಥೀನನ್ನು ಕರಗಿಸಿದರೆ ಬರುವ ಪ್ಲಾಸ್ಟಿಕ್ ಗುಳಿಗೆಗೆ ಬಲವಿರುವುದಿಲ್ಲ. ಶೀಟಿನ ಪದರಗಳಲ್ಲಿ ನೈಲಾನ್ ಇದ್ದರೆ ಬೆರೆಯುವುದೇ ಇಲ್ಲ, ಅದಕ್ಕೇ ನಾವು ಎಲ್ಲ ಪದರವನ್ನೂ ಪಾಲಿಥೀನಿನಲ್ಲೇ ಮಾಡುತ್ತಿದ್ದೇವೆ. ಹಳೆಯ ಶೀಟಿನ ಕಿರಣ ತಡೆಯುವ ರಾಸಾಯನಿಕವೂ ಹೊಸದಕ್ಕೆ ಬಂದು ಸೇರುತ್ತದೆ. ಅಂಥ ಒಂದನ್ನು, ಯುವಿ-328, 2023ರಲ್ಲಿ, ಪರಿಸರದಲ್ಲಿ ಬಹುಕಾಲ ಉಳಿಯುವ ವಿಷಗಳ ಕುರಿತ ಅಂತರರಾಷ್ಟ್ರೀಯ ಸ್ಟಾಕ್‌ಹೋಮ್ ಒಪ್ಪಂದದ ನಿರ್ಮೂಲನ ಪಟ್ಟಿಗೆ ಸೇರಿಸಿದರು. ಅಂಗೈಯಗಲದ ಎರಡು ತುಂಡು ಕಳುಹಿಸುತ್ತೀರಾ? ಪೈಪಿನ ಮೇಲಿನದೊಂದು, ನಡುವಿನದೊಂದು.

ಮಾಲೂರು: ಮೇಡಂ, ಹೊಸ ಶೀಟಿಗೆ ಸಹಾಯಧನ ಸಿಗುತ್ತದೆಯೇ?

ವಿಜಯಪುರ: ಫಾರ್ವರ್ಡ್ ಬಂದಿದೆ. ಬೇವಿನೆಣ್ಣೆ, ಸೋಪುನೀರು ಕಲಸಿ ಶೀಟಿಗೆ ಬಳಿದರೆ ಹತ್ತು ವರ್ಷ ಬಾಳಿಕೆ! ಎಲ್ಲರಿಗೂ ಹಂಚಿ.

ಎಂಜಿನಿಯರ್: ಯಾರಿಗೂ ಹಂಚಬೇಡಿ. ಬಿಗಿದು ಕಟ್ಟಿದ ಪಾಲಿಥೀನು ಸೋಪಿಗೆ ಬೇಗ ಬಿರುಕು ಬಿಡಬಹುದು. ಎಣ್ಣೆಗೆ ದೂಳು ಅಂಟಿ ಗಿಡಕ್ಕೆ ಬೆಳಕು ಸಾಲದು. ಆಮೇಲೆ ಆ ಜಿಡ್ಡನ್ನು ತೊಳೆಯುವವರು ಯಾರು?

ವಿಜಯಪುರ: ನಮ್ಮ ಮಾವ ಮಾಡಿ ನೋಡಿದ್ದಾರೆ.

ಎಂಜಿನಿಯರ್: ಹತ್ತು ವರ್ಷ ಆಯಿತೇ?

ಹೊಸಕೋಟೆ: ಕಿರಣ ತಡೆಯುವ ಶೀಟು ಹಾಕಿಸಿ ಜೇನುಪೆಟ್ಟಿಗೆ ಇಟ್ಟೆ. ಹುಳುಗಳು ಮೂಲೆಗೆ ಬಡಿದುಕೊಂಡು ಸತ್ತವು.

ಚಿಂತಾಮಣಿ: ಪಾಲಿಹೌಸ್ ಸೌತೆಗೆ ಜೇನು ಯಾಕೆ? ಪರಾಗ ಬೀಳದೆಯೇ ಕಾಯಿ ಕಟ್ಟುವ ತಳಿ ಅದು.

ಹೊಸಕೋಟೆ: ಸೌತೆ ಎಂದು ಯಾರು ಹೇಳಿದರು? ನನ್ನದು ಕರ್ಬೂಜ.

ಚಿಂತಾಮಣಿ: ಬೆಳೆಯ ಹೆಸರನ್ನೇ ಬರೆದಿರಲಿಲ್ಲವಲ್ಲ ಅಣ್ಣ.

ಹೊಸಕೋಟೆ: ಅಣ್ಣ ಎನ್ನುತ್ತಲೇ ಚುಚ್ಚಬೇಡಿ.

ಎಂಜಿನಿಯರ್: ಜೇನಿಗೆ ಅತಿನೇರಳೆ ಕಾಣುತ್ತದೆ. ಅದು ಸಿಗದಿದ್ದರೆ ದಿಕ್ಕು ತಪ್ಪಬಹುದು. ಕರ್ಬೂಜಕ್ಕೆ ಆ ಶೀಟು ಬೇಡ. ಜಗಳ ಬೇರೆ ಕಡೆ ಆಡಿ.

ಶಿಡ್ಲಘಟ್ಟ: ಯುವಿ ಶೀಟು ಹಾಕಿದರೂ ಬಿಳಿನೊಣ ಇದೆ ಮೇಡಂ, ಯಾಕೆ?

ಎಂಜಿನಿಯರ್: ಮೊದಲ ಉತ್ತರ ಓದಿ. ಮೂರನೆಯ ಸಲ ಬರೆಯುವುದಿಲ್ಲ.

ದೊಡ್ಡಬಳ್ಳಾಪುರ: ಮೇಡಂ, ತುಂಡು ಕತ್ತರಿಸಲು ಹೋದೆ. ಪೈಪಿನ ಮೇಲಿನದು ಕೈಯಲ್ಲೇ ಪುಡಿಯಾಯಿತು. ಪುಡಿಯನ್ನೇ ಕಳುಹಿಸಲೇ?

ಎಂಜಿನಿಯರ್: ಕಳುಹಿಸಿ. ಕಾಗದದಲ್ಲಿ ಮಡಿಸಿ, ಬಿಸಿಲಿಗೆ ಯಾವ ದಿಕ್ಕಿನ ಪೈಪು ಎಂದು ಮೇಲೆ ಬರೆಯಿರಿ.