ಮಿನಿ ಫೆಲನಾಪ್ಸಿಸ್ ಆರ್ಕಿಡ್‌ನ ಹೂದಂಟಿಗೆ ಆಸರೆ ಯಾವುದು?

ಪ್ರಶ್ನೆ: 3 ಇಂಚಿನ ಕುಂಡ. ಗೇಣುದ್ದದ ಹೂದಂಟು ಬಾಗಿದೆ, ತುದಿಯಲ್ಲಿ ಮೊಗ್ಗುಗಳಿವೆ. ಬಿದಿರುಕಡ್ಡಿ ತೀರಾ ದಪ್ಪವಾಯ್ತು. ಬೇರೇನು ಬಳಸಬಹುದು?

ಉತ್ತರ 1: ಪ್ಲಾಸ್ಟಿಕ್ ಲೇಪನವಿರುವ 2 ಮಿ.ಮೀ. ತಂತಿ ಸಾಕು. ಬರಿ ತಾಮ್ರದ್ದು ಬೇಡ, ಬೇರಿಗೆ ಆಗಿಬರಲ್ಲ. ಕುಂಡಕ್ಕೆ ನೀರು ಹಾಕಿದರೆ ಬೇರು ಹಸಿರಾಗಿ ಎದ್ದು ಕಾಣುತ್ತೆ; ಅದನ್ನು ತಪ್ಪಿಸಿ ತಂತಿ ಇಳಿಸಿ. ಉಣ್ಣೆ ದಾರದಲ್ಲಿ ಇಂಗ್ಲಿಷ್ 8ರ ಆಕಾರದ ಸಡಿಲ ಕಟ್ಟು, ಗೆಣ್ಣಿನ ಸ್ವಲ್ಪ ಕೆಳಗೆ. ಮೊದಲ ಮೊಗ್ಗಿನ ಕೆಳಗೇ ನಿಲ್ಲಿಸಿ, ತುದಿ ತಾನಾಗಿ ಬಾಗಿದರೇ ಚೆಂದ.

ಉತ್ತರ 2: ತಂತಿ ಇವತ್ತೇ ಚುಚ್ಚಿ, ಆದರೆ ದಂಟನ್ನು ಇವತ್ತೇ ಎಳೆದು ಕಟ್ಟಬೇಡಿ. ನೀರು ಕುಡಿದು ಬಿಗಿಯಾದ ದಂಟು ಚಟ್ಟನೆ ಮುರಿಯುತ್ತೆ. ಕುಂಡ ಒಣಗುತ್ತಾ ಬಂದಾಗ, 3-4 ದಿನಕ್ಕೊಮ್ಮೆ ಸ್ವಲ್ಪಸ್ವಲ್ಪವೇ ಎತ್ತಿ. ಮೊಗ್ಗು ಬಂದ ಮೇಲೆ ಕುಂಡ ತಿರುಗಿಸಿದರೆ ಹೂಗಳು ದಿಕ್ಕಿಗೊಂದರಂತೆ ಮುಖ ಮಾಡುತ್ತವೆ.

ಉತ್ತರ 3: ಇಷ್ಟು ಹಗುರದ ಕುಂಡ ಆಸರೆ ಸಮೇತ ಉರುಳೀತು. ಭಾರದ ಮಣ್ಣಿನ ಕುಂಡದೊಳಗೆ ಕೂರಿಸಿಬಿಡಿ.