ಕೈ ಶಸ್ತ್ರಚಿಕಿತ್ಸೆಗೆ ನರ ಹುಡುಕುವುದು ಹೇಗೆ? ಅನುಭವ ತಿಳಿಸಿ

ಪ್ರಶ್ನೆ: ನಾನು ತಾಲ್ಲೂಕು ಆಸ್ಪತ್ರೆಯ ಅರಿವಳಿಕೆ ವೈದ್ಯೆ. ಮುಂಗೈ ಮುರಿದುಕೊಂಡು ಬರುವವರಲ್ಲಿ ಬೀಡಿ ಸೇದಿ ಶ್ವಾಸಕೋಶ ಕೆಡಿಸಿಕೊಂಡವರು ಬಹಳ. ಅವರಿಗೆ ಪೂರ್ತಿ ಪ್ರಜ್ಞೆ ತಪ್ಪಿಸಲು ಧೈರ್ಯ ಸಾಲದು. ಅದಕ್ಕೇ ನರದ ಪಕ್ಕ ಔಷಧಿ ಬಿಟ್ಟು ಕೈಯನ್ನಷ್ಟೇ ಮರಗಟ್ಟಿಸುತ್ತೇನೆ (ನರದ ಬ್ಲಾಕ್). ಸೂಜಿ ತಗುಲಿ ಕೈ ಜುಮ್ಮೆಂದಾಗ ಔಷಧಿ ಬಿಡುವ ಹಳೆಯ ವಿಧಾನದಲ್ಲೇ ಇದ್ದೇನೆ. ನರ್ವ್ ಸ್ಟಿಮ್ಯುಲೇಟರ್ (ಸೂಜಿಯ ಮೂಲಕ ಸಣ್ಣ ವಿದ್ಯುತ್ ಹರಿಸಿ ನರವನ್ನು ಕೆಣಕುವ ಯಂತ್ರ) ತರಿಸಲೇ, ಅಲ್ಟ್ರಾಸೌಂಡ್‌ಗೆ ಕಾಯಲೇ?

ಉತ್ತರ 1: ನಾನೂ ಹಾಗೆಯೇ ಕಲಿತವನು. ತೊಂದರೆಯೆಂದರೆ, ಹೆದರಿದ ರೋಗಿ ಏನು ಕೇಳಿದರೂ “ಹೌದು ಸಾರ್” ಎನ್ನುತ್ತಾನೆ. ಕಂಕುಳಲ್ಲಿ ರಕ್ತನಾಳವನ್ನು ದಾಟಿ ಹಿಂದೆ ಅರ್ಧ, ಮುಂದೆ ಅರ್ಧ ಔಷಧಿ ಬಿಡುವುದನ್ನೂ ಮಾಡಿದ್ದೇನೆ. ಆದರೆ ಮೊಣಕೈ ಮಡಚಿಸುವ ಮಸ್ಕ್ಯುಲೋಕ್ಯುಟೇನಿಯಸ್ ನರ ಮೇಲೆಯೇ ಕವಲೊಡೆದು ಹೋಗಿರುತ್ತದೆ. ಹೆಬ್ಬೆರಳ ಕಡೆಯ ಮುಂಗೈ ಚರ್ಮ ಮರಗಟ್ಟದೆ ಉಳಿಯುತ್ತದೆ. ಕತ್ತಿ ಇಟ್ಟಾಗಲೇ ಗೊತ್ತಾಗುವುದು! ಸ್ಟಿಮ್ಯುಲೇಟರ್ ಬಂದ ಮೇಲೆ ನೆಮ್ಮದಿ. 1 ಮಿಲಿಆಂಪಿಯರ್‌ನಿಂದ ಆರಂಭಿಸಿ, 0.5ರಿಂದ 0.3ರ ನಡುವೆಯೂ ಸ್ನಾಯು ಮಿಡಿಯುತ್ತಿದ್ದರೆ ಜಾಗ ಸರಿ. 0.2ಕ್ಕಿಳಿಸಿದರೂ ಮಿಡಿದರೆ ಸೂಜಿ ನರದೊಳಗಿರಬಹುದು, ಹಿಂದೆಳೆಯಿರಿ. ಬೆರಳು ನೆಟ್ಟಗಾದರೆ ರೇಡಿಯಲ್ ನರ, ಮಡಚಿದರೆ ಮೀಡಿಯನ್ ನರ, ಮೊಣಕೈ ಮಡಚಿದರೆ ಆ ತಪ್ಪಿಸಿಕೊಳ್ಳುವ ನರ.

ಉತ್ತರ 2: ಹಿರಿಯರ ಮಾತಿಗೆ ನನ್ನ ತಕರಾರಿದೆ. ಸೂಜಿ ನರಕ್ಕೆ ತಾಗಿದ್ದು ಅಲ್ಟ್ರಾಸೌಂಡ್ ಪರದೆಯ ಮೇಲೆ ಕಾಣುತ್ತಿದ್ದರೂ ಸ್ನಾಯು ಮಿಸುಕದೆ ಇದ್ದದ್ದನ್ನು ಕಂಡಿದ್ದೇನೆ. ಕೊರಳೆಲುಬಿನ ಮೇಲೆ ಪ್ರೋಬ್ ಇಟ್ಟರೆ ಮಿಡಿಯುವ ರಕ್ತನಾಳ, ಅದರ ಪಕ್ಕ ದ್ರಾಕ್ಷಿ ಗೊಂಚಲಿನಂತೆ ನರಗಳು, ಕೆಳಗೆ ಮೊದಲ ಪಕ್ಕೆಲುಬು, ಪ್ಲೂರಾ (ಶ್ವಾಸಕೋಶದ ಹೊದಿಕೆ) ಕಾಣುತ್ತವೆ. ಸೂಜಿಯ ತುದಿ ಕಾಣದಿದ್ದರೆ ಮಾತ್ರ ಮುಂದೊತ್ತಬೇಡಿ. ನಾನೊಮ್ಮೆ ಸೂಜಿಯ ನಡುಭಾಗವನ್ನೇ ತುದಿಯೆಂದು ನಂಬಿ ರಕ್ತನಾಳ ಚುಚ್ಚಿ, ಒತ್ತಿ ಹಿಡಿದು ಕೂತಿದ್ದೆ. ನಿಮ್ಮ ಬೀಡಿ ರೋಗಿಗಳಿಗೆ ಕತ್ತಿನ ಬ್ಲಾಕ್ ಬೇಡವೇ ಬೇಡ. ಉಸಿರಾಟದ ಮುಖ್ಯ ಸ್ನಾಯುವಾದ ವಪೆಯನ್ನು ನಡೆಸುವ ಫ್ರೆನಿಕ್ ನರ ಮರಗಟ್ಟಿದರೆ ಅರ್ಧ ವಪೆ ನಿಂತಂತೆ. ಕಂಕುಳಲ್ಲಿ ಆ ಭಯವಿಲ್ಲ, ಶ್ವಾಸಕೋಶವೂ ದೂರ.

ಉತ್ತರ 3: ನಾನು ವೈದ್ಯನಲ್ಲ, ಮಣಿಕಟ್ಟು ಮುರಿದುಕೊಂಡವನು. ಯಂತ್ರ ಹಚ್ಚಿದಾಗ ಬೆರಳುಗಳು ನನ್ನನ್ನು ಕೇಳದೆ ಕುಣಿದವು. ನೋಡಲು ತಮಾಷೆ, ಆದರೆ ಮುರಿದ ಮೂಳೆ ಅಲುಗಿ ಪ್ರಾಣ ಹೋದಂತಾಯಿತು. ಮೊದಲೇ ಸ್ವಲ್ಪ ನೋವಿನ ಔಷಧಿ ಕೊಡಿ, ಡಾಕ್ಟರೇ.

ಉತ್ತರ 4: ಕಾಗದಪತ್ರದ ಮಾತು ಯಾರೂ ಎತ್ತಲಿಲ್ಲ. ಕಂಕುಳು ನೋಡುವ ಅಲ್ಟ್ರಾಸೌಂಡ್ ಯಂತ್ರವಾದರೂ ಭ್ರೂಣಲಿಂಗ ಪತ್ತೆ ತಡೆಯ 1994ರ ಕಾಯ್ದೆಯಡಿ ನೋಂದಣಿ ಬೇಕು. ಸ್ಕ್ಯಾನಿಂಗ್ ಕೊಠಡಿಯ ಯಂತ್ರವನ್ನು ಕೇಳದೆ ಶಸ್ತ್ರಚಿಕಿತ್ಸಾ ಕೊಠಡಿಗೆ ತಳ್ಳಿಕೊಂಡು ಹೋಗಬೇಡಿ. ಯಾವ ವಿಧಾನವಾದರೂ ಶೇ. 20ರ ಲಿಪಿಡ್ ಎಮಲ್ಷನ್ (ರಕ್ತನಾಳಕ್ಕೆ ಕೊಡುವ ಕೊಬ್ಬಿನ ದ್ರಾವಣ) ಕೈಗೆಟುಕುವಂತಿರಲಿ. ಔಷಧಿ ರಕ್ತಕ್ಕೆ ಸೇರಿ ವಿಷವಾದರೆ ಮೊದಲು ಕಿಲೋಗೆ 1.5 ಮಿಲಿಲೀಟರ್.

ಪ್ರಶ್ನೆ ಕೇಳಿದವರು: ಎಲ್ಲರಿಗೂ ವಂದನೆ. ಸ್ಟಿಮ್ಯುಲೇಟರ್‌ಗೆ ಬೇಡಿಕೆ ಕಳುಹಿಸಿದೆ, ನೋಂದಣಿ ಅರ್ಜಿಯನ್ನೂ ಬರೆಯುತ್ತಿದ್ದೇನೆ. ಅಲ್ಲಿಯವರೆಗೆ ಸಂಜೆ ನಮ್ಮ ರೇಡಿಯಾಲಜಿಸ್ಟ್ ಬಿಡುವಾದಾಗ ನನ್ನ ಕಂಕುಳನ್ನೇ ತೋರಿಸಿ ನರಗಳ ಪರಿಚಯ ಮಾಡಿಕೊಳ್ಳುತ್ತೇನೆ.