ಹಳೆ ಹಾಲಿವುಡ್ ಸಂಗೀತದ ಲಂಡನ್ ರೆಕಾರ್ಡಿಂಗ್‌ಗಳು ಮತ್ತೆ ಬರ್ತಾವಂತ: ಕಾಯೋದೋ, ಹಳೇ ಪ್ರತಿ ತಗೊಳ್ಳೋದೋ?

ಅಪ್ಪನ ಕೆರೆ, ಕಲಬುರಗಿ (ಕೇಳಿದವರು):
1970ರ ದಶಕದಾಗ ಆರ್‌ಸಿಎ ಕಂಪನಿಗಾಗಿ ಚಾರ್ಲ್ಸ್ ಗೆರ್ಹಾರ್ಟ್ ಲಂಡನ್‌ನಾಗ ನ್ಯಾಷನಲ್ ಫಿಲ್‌ಹಾರ್ಮೋನಿಕ್ ಆರ್ಕೆಸ್ಟ್ರಾದಿಂದ ಹಳೆ ಹಾಲಿವುಡ್ ಸಿನಿಮಾಗಳ ಸಂಗೀತ ಹೊಸದಾಗಿ ನುಡಿಸಿ ರೆಕಾರ್ಡ್ ಮಾಡಿಸಿದ್ರಲ್ರಿ, ಆ ಸರಣಿ ಮತ್ತೆ ಬರ್ತದಂತ ಸುದ್ದಿ ಅದ. ಎಲ್‌ಪಿಗೆ (ಸೂಜಿಯಿಂದ ನುಡಿಯೋ ದೊಡ್ಡ ಡಿಸ್ಕು) ಕಾಯಬೇಕೋ, ಸಿಡಿ ಸಾಕೋ, ಇಲ್ಲಾ ಈಗೇ ಸೆಕೆಂಡ್‌ಹ್ಯಾಂಡ್ ಹಳೇ ಪ್ರತಿ ತಗೊಂಡ್ರ ನಡೀತದೋ? ನನ್ನ ಹತ್ರ ಸೂಟ್‌ಕೇಸ್ ನಮೂನಿ ಪ್ಲೇಯರ್ ಅದ. ಸಂಬಂಧಿಕರೊಬ್ಬರು ಅಮೆರಿಕಾದಿಂದ ತಂದ ಹಳೇ ಟರ್ನ್‌ಟೇಬಲ್ ಕೊಡ್ತೀನಿ ಅಂದಾರ. ನಮ್ಮ ಕಡೀ ಧೂಳು, ಬಿಸಿಲು, ಕರೆಂಟು ನಿಮಗ ಗೊತ್ತೇ ಅದ. ತಿಳಿದವರು ಹೇಳ್ರಿ.

ಬಹಮನಿ ಬೀದಿ, ಬೀದರ್:
ಎಲ್‌ಪಿನೋ ಸಿಡಿನೋ ಅನ್ನೋದು ಆಮ್ಯಾಲ. ಯಾವ ಟೇಪಿನಿಂದ ತೆಗೀತಾರ ಅನ್ನೋದು ಮೊದಲು ನೋಡ್ರಿ. ಈ ಸರಣಿ 1972ರಾಗ ಎರಿಕ್ ಕಾರ್ನ್‌ಗೋಲ್ಡ್ ಅವರ ಸಂಗೀತದ ಡಿಸ್ಕಿನಿಂದ ಶುರುವಾತು. ನಿರ್ಮಾಪಕರು ಅವರ ಮಗ ಜಾರ್ಜ್ ಕಾರ್ನ್‌ಗೋಲ್ಡ್, ಎಂಜಿನಿಯರ್ ಕೆನೆತ್ ವಿಲ್ಕಿನ್ಸನ್, ಜಾಗ ಲಂಡನ್ನಿನ ಕಿಂಗ್ಸ್‌ವೇ ಹಾಲ್. ಮೂಲ ರೆಕಾರ್ಡಿಂಗೇ ಭಾಳ ಛಲೋ ಅದ. ಕೆಟ್ಟರ ಕೆಡೋದು ಅದನ್ನ ಡಿಸ್ಕಿಗೆ ಇಳಿಸೋ ಹೊತ್ತಿನಾಗ.

ಪ್ರಕಟಣೆ ಬಂದಾಗ ಮೂಲ ಅನಲಾಗ್ ಟೇಪಿನಿಂದ ಹೊಸದಾಗಿ ಮಾಸ್ಟರ್ ಮಾಡಿದ್ದು (ಡಿಸ್ಕಿಗೆ ಇಳಿಸೋ ಮೂಲ ಪ್ರತಿ ತಯಾರಿಸಿದ್ದು) ಅಂತ ಬರೆದಾರೇನು, ಮಾಸ್ಟರ್ ಮಾಡಿದ ಎಂಜಿನಿಯರ್ ಹೆಸರು ಕೊಟ್ಟಾರೇನು ನೋಡ್ರಿ. ಹೆಸರೂ ಇಲ್ಲ, ವರ್ಷನೂ ಇಲ್ಲ, ಬರೇ "ರೀಮಾಸ್ಟರ್ಡ್" ಅಂತ ಇದ್ರ ಹಳೇ ಸಿಡಿ ಫೈಲನ್ನೇ ಎಲ್‌ಪಿಗೆ ಕೊರೆದಿರಲಿಕ್ಕೂ ಸಾಕು. "180 ಗ್ರಾಂ" ಅಂತ ದೊಡ್ಡಕ್ಷರದಾಗ ಇರ್ತದಲ್ರಿ, ಅದು ಪ್ಲಾಸ್ಟಿಕ್ಕಿನ ತೂಕ ಅಷ್ಟೇ.

ಹಳೇ ಎಲ್‌ಪಿ ತಗೊಳ್ಳೋದಾದ್ರ ಕವರಿನ ಮ್ಯಾಲಿನ ಕ್ಯಾಟಲಾಗ್ ನಂಬರಿನ ಮುಂದಿನ ಅಕ್ಷರ ಓದಬೇಕು. ಮೊದಲ ಡಿಸ್ಕಿಗೆ ಎಲ್‌ಎಸ್‌ಸಿ ಅಂತ ಇತ್ತು, ಆಮ್ಯಾಲಿನವಕ್ಕ ಎಆರ್‌ಎಲ್1. ಇವು ಮಾಮೂಲಿ ಸ್ಟೀರಿಯೋ. ಎಆರ್‌ಡಿ1 ಅಂತ ಇದ್ರ ಅದು ಕ್ವಾಡ್ರಾಡಿಸ್ಕ್, ನಾಲ್ಕು ಚಾನೆಲಿಂದು. ನಾಲ್ಕೂ ಕೇಳಬೇಕಂದ್ರ ಚಾನೆಲ್ ಬಿಡಿಸೋ ಡಿಮಾಡ್ಯುಲೇಟರ್ ಬೇಕು, ಕಿವಿಗೆ ಕೇಳದ 30 ಕಿಲೋಹರ್ಟ್ಸ್ ಸಂಕೇತ (ಕ್ಯಾರಿಯರ್) ಓದೋ ಶಿಬಾಟಾ ಅನ್ನೋ ನಮೂನಿ ಸೂಜಿ ಬೇಕು. ಅವಿಲ್ಲದಿದ್ರ ಸ್ಟೀರಿಯೋದಂಗೇ ನುಡೀತದ, ಅದಕ್ಕಂತ ಹೆಚ್ಚು ರೊಕ್ಕ ಕೊಡಬ್ಯಾಡ್ರಿ. ಆ ಕಾಲದಾಗ ಆರ್‌ಸಿಎದವರು ಡೈನಾಫ್ಲೆಕ್ಸ್ ಅಂತ ತೆಳ್ಳಗಿನ ಡಿಸ್ಕ್ ಒತ್ತುತಿದ್ರು. ಕೈಯಾಗ ಹಿಡಿದ್ರ ಬಾಗ್ತದ. ಅದು ಕೆಟ್ಟ ಮಾಲಲ್ಲ, ಆದ್ರ ಬಟ್ಟಲದಂಗ ಡೊಂಕಾಗಿರೋದು ಜಾಸ್ತಿ. ಸಮ ಇರೋ ಗಾಜಿನ ಮ್ಯಾಲ ಇಟ್ಟು ಅಂಚು ಎಷ್ಟು ಎದ್ದದ ನೋಡಿ ತಗೊಳ್ರಿ.

ಇನ್ನೊಂದು ಪರೀಕ್ಷೆ: ಒಂದೇ ಬಲ್ಬಿನ ಬೆಳಕಿನಾಗ ಲೇಬಲ್ ಹತ್ರದ ಒಂದು ಇಂಚು ನೋಡ್ರಿ. ಉಳಿದ ಕಡೀ ಕರ್ರಗೆ ಹೊಳೀತಿದ್ದು, ಅಲ್ಲಿ ಮಾತ್ರ ಬೂದು ಬಣ್ಣ ಕಂಡ್ರ ಭಾರದ ಸೂಜಿ ಓಡಿ ಗೀರು (ದನಿ ಕೊರೆದ ಸಣ್ಣ ಕಾಲುವಿ) ಸವೆದಾವ. ತೊಳೆದ್ರೂ ವಾಪಸ್ ಬರೂದಿಲ್ಲ.

ಫರ್ಸಿಕಲ್ಲು, ಶಹಾಬಾದ್:
ಬೀದರಿನವರು ಹೇಳಿದ ಆ ಒಂದು ಇಂಚೇ ಈ ಸಂಗೀತಕ್ಕ ಮುಖ್ಯ. ನಿಮಿಷಕ್ಕ 33⅓ ಸುತ್ತಿನ ವೇಗದಾಗ ಡಿಸ್ಕಿನ ಹೊರ ಅಂಚಿನಾಗ ಗೀರು ಸೂಜಿಯ ಕೆಳಗ ಸೆಕೆಂಡಿಗೆ ಸುಮಾರು 51 ಸೆಂ.ಮೀ. ಓಡ್ತದ, ಒಳಗಿನ ಕೊನೀಗೆ ಸುಮಾರು 21. ಅಂದ್ರ ಅಷ್ಟೇ ಸ್ವರ ಅರ್ಧಕ್ಕಿಂತ ಕಡಿಮಿ ಜಾಗದಾಗ ಕುಂತಿರ್ತದ. ಸಿನಿಮಾ ಸಂಗೀತದ ಸೂಟ್ (ಆಯ್ದ ತುಣುಕು ಜೋಡಿಸಿದ್ದು) ಮುಗಿಯೋದು ಹಿತ್ತಾಳಿ ವಾದ್ಯ, ತಾಳ ಎಲ್ಲ ಒಮ್ಮೆಲೆ ಎದ್ದಾಗ. ಆ ಅಬ್ಬರ ಸರಿಯಾಗಿ ಈ ಇಕ್ಕಟ್ಟಿನ ಜಾಗಕ್ಕೇ ಬಂದು ಬೀಳ್ತದ. ಹಾಡಿನ ಡಿಸ್ಕಿನಾಗ ಗೊತ್ತಾಗದ ಒಡಕು ಇಲ್ಲಿ ಮೊದಲನೇ ಸಲಕ್ಕೇ ಕೇಳಿಸ್ತದ.

ಅದಕ್ಕ ಸೂಟ್‌ಕೇಸ್ ಪ್ಲೇಯರ್ ಪಕ್ಕಕ್ಕಿಡ್ರಿ. ಸೆರಾಮಿಕ್ ಕಾರ್ಟ್ರಿಡ್ಜು (ಸೂಜಿ ಹಿಡಿದಿರೋ ಭಾಗ), ದುಂಡು ತುದಿ ಸೂಜಿ, 4-5 ಗ್ರಾಂ ಭಾರ, ಮ್ಯಾಲ ಸ್ಪೀಕರೂ ಅದೇ ಪೆಟ್ಟಿಗ್ಯಾಗ. ಟಿಂಪನಿ ಬಾರಿಸಿದ್ರ ಆ ನಡುಕ ತಿರುಗಿ ಸೂಜಿಗೇ ಬರ್ತದ, ಸೂಜಿ ಹಾರ್ತದ. ಹಾರ್ತದಂತ ತೋಳಿನ ಮ್ಯಾಲ ನಾಣ್ಯ ಇಡೋದು ಬ್ಯಾಡ. ಹೊಸ ಡಿಸ್ಕೂ ಹೋಗ್ತದ.

ಕಡಿಮಿ ಖರ್ಚಿನಾಗ ಆಗಬೇಕಂದ್ರ ಆಡಿಯೋ-ಟೆಕ್ನಿಕಾದ ಎಲ್‌ಪಿ60ಎಕ್ಸ್ ಟರ್ನ್‌ಟೇಬಲ್ ನಡೀತದ. ಭಾರ ಕಾರ್ಖಾನಿಯಾಗೇ ಹೊಂದಿಸಿರ್ತಾರ, ಸೂಜಿಯ ಸಣ್ಣ ಸಂಕೇತ ಹಿಗ್ಗಿಸೋ ಫೋನೋ ಪ್ರೀಆಂಪ್ ಒಳಗೇ ಅದ. ಇನ್ನೊಂದಿಷ್ಟು ರೊಕ್ಕ ಇದ್ರ ಎಲ್‌ಪಿ120ಎಕ್ಸ್, ಅದರಾಗ ವಿಎಂ95ಇ ಕಾರ್ಟ್ರಿಡ್ಜ್ ಬರ್ತದ. ಅದಕ್ಕ 2.0 ಗ್ರಾಂ ಇಡಬೇಕು, ಮಿತಿ 1.8ರಿಂದ 2.2. ಹಗುರ ಇಟ್ರ ಡಿಸ್ಕ್ ಉಳೀತದ ಅನ್ನೋದು ತಪ್ಪು ತಿಳಿವಳಿಕೆ. 1.5ಕ್ಕ ಇಳಿಸಿದ್ರ ಸೂಜಿ ಗೀರಿನ ಗೋಡಿಯಿಂದ ಗೋಡಿಗೆ ಬಡದಾಡಿ ಹೆಚ್ಚು ಕೆಡಿಸ್ತದ.

ಹೊಂದಿಸೋ ಕ್ರಮ: ಬಬಲ್ ಲೆವೆಲ್ ಇಟ್ಟು ಮೊದಲು ಮೇಜು, ಆಮ್ಯಾಲ ಪ್ಲ್ಯಾಟರ್ (ಡಿಸ್ಕ್ ಕೂರೋ ತಟ್ಟಿ) ಸಮ ಮಾಡ್ರಿ. ಆ್ಯಂಟಿಸ್ಕೇಟ್ (ತೋಳು ಒಳಗ ಎಳೆಯೋದನ್ನ ತಡೆಯೋ ಗುಂಡಿ) ಸೊನ್ನೆ ಮಾಡಿ, ತೋಳು ಗಾಳಿಯಾಗ ಅಡ್ಡಕ್ಕ ತೇಲೋತನ ಹಿಂದಿನ ತೂಕ ತಿರುವ್ರಿ. ಉಂಗುರದ ಅಂಕಿ ಸೊನ್ನೆಗೆ ತಂದು, ಆಮ್ಯಾಲ ಇಡೀ ತೂಕ ತಿರುಗಿಸಿ 2ಕ್ಕ ನಿಲ್ಲಿಸ್ರಿ. ಆ್ಯಂಟಿಸ್ಕೇಟೂ 2. ಕೊನೀಗೆ ಪ್ರೊಟ್ರ್ಯಾಕ್ಟರ್ ಹಾಳಿ ಇಟ್ಟು ಕಾರ್ಟ್ರಿಡ್ಜಿನ ಕೋನ ನೋಡ್ರಿ. ಒಳಗಿನ ಇಂಚಿನ ಒಡಕು ಅರ್ಧ ಇದರಿಂದಾನೇ ಬರೋದು.

ಕೆಳಗಿಡಲಿಕ್ಕ ನಮ್ಮೂರ ಕಲ್ಲು ಇರೋವಾಗ ಅಂಗಡಿ ಸ್ಟ್ಯಾಂಡಿಗೆ ರೊಕ್ಕ ಯಾಕ್ರಿ? 18x15 ಇಂಚಿನ, ಒಂದು ಇಂಚು ದಪ್ಪದ ಫರ್ಸಿ ಕೊಯ್ಸಿಕೊಳ್ರಿ, 11 ಕಿಲೋ ಮ್ಯಾಲ ತೂಗ್ತದ. ಅದರ ಕೆಳಗ ನಾಲ್ಕು ಮೂಲಿಗೆ ವಾಷಿಂಗ್ ಮಷಿನ್‌ಗೆ ಹಾಕೋ ರಬ್ಬರ್ ಪ್ಯಾಡ್. ರಬ್ಬರ್ ಇಲ್ಲದ ಬರೇ ಕಲ್ಲು ಹಾಕಿದ್ರ ಉಪಯೋಗಿಲ್ಲ, ನಡೆದಾಡಿದ ಸಪ್ಪಳ ಹಂಗೇ ಮ್ಯಾಲ ಬರ್ತದ. ಸ್ಪೀಕರ್ ಆ ಕಲ್ಲಿನ ಮ್ಯಾಲ ಇಡಬ್ಯಾಡ್ರಿ.

ಅಪ್ಪನ ಕೆರೆ, ಕಲಬುರಗಿ:
ಅಮೆರಿಕಾದ ಟರ್ನ್‌ಟೇಬಲ್ ಹಿಂದ 120 ವೋಲ್ಟ್, 60 ಹರ್ಟ್ಸ್ ಅಂತ ಅದ. ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಹಾಕಿದ್ರ ಆಗ್ತದಲ್ರಿ? ಕರೆಂಟ್ ಹೋದಾಗ ಇನ್ವರ್ಟರ್ ಮ್ಯಾಲ ಓಡಿಸಬಹುದಾ?

ಫರ್ಸಿಕಲ್ಲು, ಶಹಾಬಾದ್:
ಟ್ರಾನ್ಸ್‌ಫಾರ್ಮರ್ ವೋಲ್ಟೇಜ್ ಇಳಿಸ್ತದ, ಹರ್ಟ್ಸ್ ಬದಲಾಗೂದಿಲ್ಲ. ಒಳಗ ಎಸಿ ಸಿಂಕ್ರೊನಸ್ ಮೋಟರ್ (ಹರ್ಟ್ಸಿನ ಮ್ಯಾಲೇ ವೇಗ ನಿಲ್ಲೋದು) ಇದ್ರ ನಮ್ಮ 50 ಹರ್ಟ್ಸಿಗೆ ಆರರಾಗ ಐದು ಪಾಲು ವೇಗ ಬರ್ತದ, 33⅓ ಹೋಗಿ 27.8 ಆಗ್ತದ. ಶ್ರುತಿ ಮೂರು ಸ್ವರಸ್ಥಾನ ಕೆಳಗಿಳೀತದ. ಕೆಲವು ಮಾಡೆಲಿಗೆ 50 ಹರ್ಟ್ಸಿನ ಪುಲ್ಲಿ ಸಿಗ್ತದ, ಸಿಗದಿದ್ರ ಬಿಡ್ರಿ. ಅಡಾಪ್ಟರಿಂದ ಓಡೋ ಡಿಸಿ ಮೋಟರ್ ಇದ್ರ ಚಿಂತಿಲ್ಲ, ಅಡಾಪ್ಟರ್ ಮ್ಯಾಲ 100-240 ಅಂತ ಬರೆದದೇನು ನೋಡ್ರಿ. ಇನ್ವರ್ಟರ್ ಸೈನ್ ವೇವ್ ಇರಲೇಬೇಕು. ಸ್ಕ್ವೇರ್ ವೇವಿನ ಮ್ಯಾಲ ಆಂಪ್ಲಿಫೈಯರಿನಾಗ ಗುಂಯ್ ಅಂತ ಸಪ್ಪಳ ಬರ್ತದ, ಎಸಿ ಮೋಟರ್ ಬಿಸಿ ಆಗ್ತದ. ಕರೆಂಟ್ ಇದ್ದಾಗಲೂ ಗುಂಯ್ ಅಂದ್ರ ಟರ್ನ್‌ಟೇಬಲಿನ ತೆಳು ಅರ್ಥ್ ವೈರ್ ಪ್ರೀಆಂಪಿಗೆ ಕಟ್ಟಿದ್ದೀರೇನು ಅಂತ ಮೊದಲು ನೋಡ್ರಿ.

ಸಗರನಾಡು, ಶಹಾಪುರ:
ಸಾಗಣೆ ಮತ್ತು ತೊಳೆಯೋದರ ಬಗ್ಗೆ. ಏಪ್ರಿಲ್-ಮೇದಾಗ ಎಲ್‌ಪಿ ಬರೋ ಹಂಗ ಆರ್ಡರ್ ಮಾಡಬ್ಯಾಡ್ರಿ. ನೆರಳಿನಾಗೇ 42 ಡಿಗ್ರಿ ದಾಟೋ ಊರಿನಾಗ, ಬಿಸಿಲಿಗೆ ನಿಂತ ಮುಚ್ಚಿದ ಗಾಡಿ ಒಳಗ 60ರ ಹತ್ರ ಹೋಗ್ತದ. ಡಿಸ್ಕಿನ ಪಿವಿಸಿ ಮೆತ್ತಗಾಗೋ ಬಿಸಿ ಅದೇ. ಮುಂಗಡ ಬುಕಿಂಗ್ ಆ ತಿಂಗಳಿಗೇ ಬಂದ್ರ, ತಡವಾಗಿ ಕಳಿಸ್ರಿ ಅಂತ ಮಾರೋರಿಗೆ ಬರೀರಿ, ಇಲ್ಲಾ ಹೈದರಾಬಾದಿನಾಗ ಪರಿಚಯದವರ ವಿಳಾಸಕ್ಕ ತರಿಸಿ ರಾತ್ರಿ ಪ್ರಯಾಣದಾಗ ಕೈಯಾಗೇ ತಗೊಂಡು ಬರ್ರಿ. ಡಿಸ್ಕನ್ನ ಕವರಿನಿಂದ ತೆಗೆದು ಅದರ ಹಿಂದ ಬ್ಯಾರೆ ಇಟ್ಟು ಪ್ಯಾಕ್ ಮಾಡ್ರಿ ಅಂತಲೂ ಕೇಳ್ರಿ. ಒಳಗೇ ಬಿಟ್ರ ದಾರ್ಯಾಗ ಅಂಚು ಬಡದು ಕವರಿನ ಹೊಲಿಗಿ ಸೀಳ್ತದ.

ಹೊರದೇಶದಿಂದ ನೇರ ತರಿಸಿದ್ರ ಸುಂಕ ಸಾಮಾನಿನ ಬೆಲಿ ಮ್ಯಾಲ ಅಷ್ಟೇ ಅಲ್ಲ, ಸಾಗಣೆ ಖರ್ಚೂ ಸೇರಿಸಿ ಲೆಕ್ಕ ಹಾಕ್ತಾರ. ಕೊರಿಯರಿನವರು ಕೆವೈಸಿ ಕೇಳ್ತಾರ, ಇನ್‌ವಾಯ್ಸ್ ಇಟ್ಕೊಂಡಿರ್ರಿ. ನಾಲ್ಕು ಮಂದಿ ಸೇರಿ ಒಂದೇ ಪಾರ್ಸೆಲ್ ತರಿಸಿದ್ರ ಸಾಗಣೆ ಉಳೀತದ ನಿಜ. ಆದ್ರ ಒಂದೇ ಡಿಸ್ಕಿನ ಹತ್ತು ಪ್ರತಿ ಇದ್ರ ಸ್ವಂತಕ್ಕ ಅಂತ ನಂಬಸೋದು ಕಷ್ಟ.

ಹೊಸ ಡಿಸ್ಕೂ ಒಮ್ಮೆ ತೊಳೀರಿ, ಒತ್ತೋವಾಗಿನ ಜಿಡ್ಡು, ಕಾಗದದ ಪುಡಿ ಇರ್ತದ. 800 ಮಿ.ಲೀ. ಡಿಸ್ಟಿಲ್ಡ್ ವಾಟರ್, 200 ಮಿ.ಲೀ. 99% ಐಸೊಪ್ರೊಪೈಲ್ ಆಲ್ಕೊಹಾಲ್ (ಐಪಿಎ), ಪಾತ್ರೆ ತೊಳಿಯೋ ದ್ರವ ಒಂದೇ ಹನಿ. ಮೆತ್ತನ್ನ ಬ್ರಶ್ಶಿಲೆ ಗೀರಿನ ದಿಕ್ಕಿನಾಗೇ ಉಜ್ಜಿ, ಬರೇ ಡಿಸ್ಟಿಲ್ಡ್ ವಾಟರಿನಾಗ ಎರಡು ಸಲ ಜಾಲಿಸಿ, ನಿಲ್ಲಿಸಿ ಒಣಗಿಸ್ರಿ. ಐಪಿಎ ಮೊಬೈಲ್ ರಿಪೇರಿ ಸಾಮಾನಿನ ಅಂಗಡ್ಯಾಗ ಸಿಗ್ತದ. ಮೆಡಿಕಲ್ಲಿನ ಸ್ಯಾನಿಟೈಸರ್ ಬ್ಯಾಡ, ಅದರಾಗ ಗ್ಲಿಸರಿನ್ ಇರ್ತದ. ಬೋರಿನ ನೀರಂತೂ ಮುಟ್ಟಿಸಲೇಬ್ಯಾಡ್ರಿ. ನಮ್ಮದು ಸುಣ್ಣದ ಕಲ್ಲಿನ ಸೀಮಿ, ಗೀಜರಿನ ಕಾಯಿಲಿಗೆ ಕಟ್ಟೋ ಬಿಳೀ ಪದರೇ ಗೀರಿನಾಗ ಕುಂದರ್ತದ, ಆಮ್ಯಾಲ ಪ್ರತಿ ಸುತ್ತಿಗೂ ಚಟ್ ಚಟ್. ನಿಮಿಷಕ್ಕ 78 ಸುತ್ತಿನ ಹಳೇ ಅರಗಿನ ಡಿಸ್ಕಿಗೆ ಈ ದ್ರಾವಣ ಹಾಕಬ್ಯಾಡ್ರಿ, ಆಲ್ಕೊಹಾಲ್ ಅರಗು ಕರಗಿಸ್ತದ.

ಬ್ಯಾಸಗ್ಯಾಗ ಕೂಲರ್ ಗಾಳಿ ಬೀಸೋ ದಿಕ್ಕಿನಾಗ ಡಿಸ್ಕ್ ಇಡಬಾರ್ದು. ತೇವ ಒಂದು, ನೀರಿನ ಸುಣ್ಣದ ಪುಡಿ ಇನ್ನೊಂದು. ತೊಗರಿ ರಾಶಿ ದಿನದಾಗ ಗಾಳಿ ಒಣಗಿ ಡಿಸ್ಕಿಗೆ ಸ್ಟ್ಯಾಟಿಕ್ ಹಿಡೀತದ, ಹೊಟ್ಟಿನ ಧೂಳು ಎಳಕೊಳ್ತದ. ಆಗ ಪ್ರತಿ ಸಲ ಕಾರ್ಬನ್ ಫೈಬರ್ ಬ್ರಶ್ ಎರಡು ಸುತ್ತು. ಡೊಂಕಾದ ಡಿಸ್ಕನ್ನ ಎರಡು ಗಾಜಿನ ನಡುವ ಬಿಸಿಲಿಗಿಡ್ರಿ ಅಂತ ಹೇಳೋರು ಇದ್ದಾರ. ನಮ್ಮ ಬಿಸಿಲಿಗೆ ಡಿಸ್ಕ್ ಸಮ ಆಗ್ತದ, ಗೀರೂ ಸಮ ಆಗ್ತಾವ!

ಸೇಡಂ ರಸ್ತೆ, ಕಲಬುರಗಿ:
ಇಷ್ಟೆಲ್ಲ ಓದಿದ ಮೇಲೆ ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ಕೇಳಿದವರ ಬಳಿ ಈಗ ಸರಿಯಾದ ಟರ್ನ್‌ಟೇಬಲ್ ಇಲ್ಲ. ಅದರ ಖರ್ಚಿನಲ್ಲಿ ಸರಣಿಯ ಬಹುಪಾಲು ಸಿಡಿಗಳೇ ಬರಬಹುದು. ಸಿಡಿಗೆ ಒಳಗಿನ ಇಂಚಿನ ತೊಂದರೆ ಇಲ್ಲ, ಮೆಲ್ಲಗಿನ ತಂತಿವಾದ್ಯದ ಭಾಗದಲ್ಲಿ ಚಟಚಟ ಇಲ್ಲ.

ಹಳೆಯ ಸಿಡಿ ಕೊಳ್ಳುವಾಗ ಒಂದು ಗಮನಿಸಿ. 1990ರ ಆಸುಪಾಸು ಬಂದ ಪ್ರತಿಗಳ ಮೇಲೆ ಡಾಲ್ಬಿ ಸರೌಂಡ್ ಗುರುತಿದೆ. ಎರಡೇ ಸ್ಪೀಕರಿನಲ್ಲಿ ಹಾಕಿದರೂ ನುಡಿಯುತ್ತದೆ. ಅದನ್ನು ಬಿಡಿಸುವ ಪ್ರೊ ಲಾಜಿಕ್ ಇರುವ ರಿಸೀವರಿನಲ್ಲಿ ಹಿಂದಿನ ಸ್ಪೀಕರಿಗೆ ಸಭಾಂಗಣದ ಮರುದನಿ ಬರುತ್ತದೆ.

ಡಿಜಿಟಲ್ ಫೈಲ್ ಕೊಂಡರೆ "24 ಬಿಟ್, 96 ಕಿಲೋಹರ್ಟ್ಸ್" ಎಂಬ ಹಣೆಪಟ್ಟಿ ನಂಬಿ ಕೂರಬೇಡಿ. ದನಿಯ ಆವರ್ತನವನ್ನು ಚಿತ್ರವಾಗಿ ತೋರಿಸುವ ಸ್ಪೆಕ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆಯಿರಿ. 22 ಕಿಲೋಹರ್ಟ್ಸ್‌ನಲ್ಲಿ ಗೆರೆ ಎಳೆದಂತೆ ಎಲ್ಲವೂ ನಿಂತರೆ ಅದು ಸಿಡಿ ಫೈಲನ್ನು ಹಿಗ್ಗಿಸಿದ್ದು. ನಿಜವಾಗಿ ಟೇಪಿನಿಂದ ತೆಗೆದಿದ್ದರೆ ಅದರಾಚೆಗೂ ಟೇಪಿನ ಹಿಸ್ (ಸುಯ್ ಎನ್ನುವ ಸದ್ದು) ಮಂದವಾಗಿ ಮುಂದುವರಿಯುತ್ತದೆ. ಸಿಡಿ ನಕಲು ತೆಗೆಯಲು ಎಕ್ಸಾಕ್ಟ್ ಆಡಿಯೋ ಕಾಪಿ ಎಂಬ ತಂತ್ರಾಂಶ ಬಳಸಿ; ಅದರಲ್ಲಿ ಸೆಕ್ಯೂರ್ ಮೋಡ್, ಇತರರ ನಕಲಿನೊಂದಿಗೆ ತಾಳೆ ನೋಡುವ ಆಕ್ಯುರೇಟ್‌ರಿಪ್ ಹೋಲಿಕೆ ಚಾಲೂ ಇರಲಿ.

ಇನ್ನೊಂದು ವಿಷಯ. ಇವು ಸಿನಿಮಾದ ಪೂರ್ತಿ ಸಂಗೀತವಲ್ಲ, ಆಯ್ದ ಸೂಟ್‌ಗಳು. ಒಂದೊಂದು ಚಿತ್ರಕ್ಕೆ ಕೆಲವೇ ನಿಮಿಷ ಸಿಗಬಹುದು. ಒಂದೇ ಚಿತ್ರದ ಸಂಗೀತ ತಾಸುಗಟ್ಟಲೆ ಬೇಕಿದ್ದರೆ ಮಾಸ್ಕೋ ಸಿಂಫನಿ ಆರ್ಕೆಸ್ಟ್ರಾದಿಂದ ವಿಲಿಯಂ ಸ್ಟ್ರಾಂಬರ್ಗ್ ನುಡಿಸಿದವನ್ನು ನೋಡಿ. ಜಾನ್ ಮಾರ್ಗನ್ ಸ್ವರಲಿಪಿ ಮರುಜೋಡಿಸಿದ್ದಾರೆ. ಮೊದಲು ಮಾರ್ಕೊ ಪೋಲೊ, ಆಮೇಲೆ ನಕ್ಸೋಸ್ ಲೇಬಲಿನಲ್ಲಿ ಕಡಿಮೆ ಬೆಲೆಗೆ ಬಂದವು.

ಬಹಮನಿ ಬೀದಿ, ಬೀದರ್:
ಸಿಡಿ ವಿಷಯ ಒಪ್ಪಿದೆ, ಆದ್ರ 1990ರ ಸಿಡಿಗಿಂತ ಸವೆಯದ ಹಳೇ ಎಲ್‌ಪಿಯಾಗ ಹಿತ್ತಾಳಿ ವಾದ್ಯ ಹತ್ರ ಬಂದಂಗ ಕೇಳಸ್ತದ. ಸರೌಂಡ್ ಮಿಶ್ರಣದಾಗ ಎಲ್ಲಾ ಒಂದು ಹೆಜ್ಜಿ ಹಿಂದ ಸರಿದಾವ. ಅದಕ್ಕ ಹೊಸ ಮಾಸ್ಟರ್ ಬರ್ತದಂದ್ರ ಹಳೇ ಸಿಡಿಗೆ ಹೆಚ್ಚು ರೊಕ್ಕ ಹಾಕಬ್ಯಾಡ್ರಿ. ಸಣ್ಣ ಲೇಬಲ್ ಆಗಿದ್ದು ಮಿತ ಪ್ರತಿ ಅಂತ ಹೇಳಿದ್ರ ಮೊದಲ ವಾರದಾಗೇ ಬುಕ್ ಮಾಡ್ರಿ. ದೊಡ್ಡ ಕಂಪನಿ ಆದ್ರ ಅವಸರ ಬ್ಯಾಡ, ಮೊದಲ ಒತ್ತಿನ ದೋಷದ ಸುದ್ದಿ ಬಂದ ಮ್ಯಾಲ ತಗೊಳ್ರಿ.

ಪಾರ್ಸೆಲ್ ಬಂದ ದಿನಾನೇ ಎರಡೂ ಮಗ್ಗಲು ಪೂರಾ ಕೇಳ್ರಿ, ವಾಪಸ್ ಕೊಡೋ ಗಡುವು ಸಣ್ಣದಿರ್ತದ. ಪರೀಕ್ಷೆಗೆ ಬರ್ನಾರ್ಡ್ ಹರ್ಮನ್ ಡಿಸ್ಕ್ (1974) ಛಲೋ. ಅದರಾಗ ಗಾಯಕಿ ಕಿರಿ ಟೆ ಕನಾವಾ ಹಾಡಿದ ಏರಿಯಾ (ಒಪೇರಾ ನಮೂನಿ ಹಾಡು) ಅದ. ಮ್ಯಾಲಿನ ಸ್ವರಕ್ಕ ಹೋದಾಗ ದನಿ ಒಡೆದ್ರ ಸೂಜಿ ಹೊಂದಾಣಿಕೆ ಮತ್ತೆ ನೋಡ್ರಿ. ಹೊಂದಾಣಿಕೆ ಸರಿ ಇದ್ದೂ, ಪ್ರತಿ ಸಲ ಅದೇ ಜಾಗದಾಗ ಒಡೆದ್ರ ಡಿಸ್ಕಿನ ದೋಷ, ವಿಡಿಯೋ ತೆಗೆದು ಕಳಿಸ್ರಿ. ಮೆಲ್ಲಗಿನ ಭಾಗದಾಗ ದೂರದಿಂದ ಗುಡುಗುಡು ಅಂತ ಬಂದು ಹೋದ್ರ ಮಾತ್ರ ವಾಪಸ್ ಕಳಿಸಬ್ಯಾಡ್ರಿ. ಕಿಂಗ್ಸ್‌ವೇ ಹಾಲಿನ ಕೆಳಗ ಸುರಂಗದ ರೈಲು ಓಡ್ತಿತ್ತು, ಆ ಸಪ್ಪಳ ಮೂಲ ಟೇಪಿನಾಗೇ ಅದ. ಡಿಸ್ಕು ಸುತ್ತಿದಂಗ ಸುತ್ತಿದಂಗ ಒಂದೇ ಲಯದಾಗ ಗುಡುಗುಡು ಬಂದ್ರ ಅದು ಟರ್ನ್‌ಟೇಬಲಿಂದು ಅಥವಾ ಡೊಂಕಿಂದು.